ಏಳು ಬಗೆಯಲ್ಲಿ ಎಣಿಸುವ ಭಾಷೆ: ಸಿಮ್ಶಿಯನ್ ಜನರ ಬಗ್ಗೆ ಒಂದು ಉತ್ತರ

ಓದುಗರ ಪ್ರಶ್ನೆ: ಇಂಗ್ಲಿಷಿನ ಹಳೇ ಗಣಿತ ಪುಸ್ತಕವೊಂದರಲ್ಲಿ ಸಿಮ್ಶಿಯನ್ ಎಂಬ ಜನರ ಬಗ್ಗೆ ಓದಿದೆ. ಮನುಷ್ಯರನ್ನು ಎಣಿಸಲು ಒಂದು ಬಗೆಯ ಪದ, ದೋಣಿ ಎಣಿಸಲು ಇನ್ನೊಂದು, ಹೀಗೆ ಅವರ ಭಾಷೆಯಲ್ಲಿ ಏಳು ಬಗೆಯ ಎಣಿಕೆ ಇದೆಯಂತೆ. ಮನುಷ್ಯರಿಗೆ ಇನ್ನೂ ಎಣಿಸಲು ಬಾರದಿದ್ದ ಕಾಲದ ಉಳಿಕೆ ಅದು ಎಂದು ಪುಸ್ತಕ ಹೇಳುತ್ತದೆ. ನಿಜವೇ? ಈ ಜನ ಯಾರು, ಈಗಲೂ ಇದ್ದಾರಾ? ಅವರ ಭಾಷೆ ಆಡುವವರು ತುಂಬಾ ಕಡಿಮೆ ಎಂದೂ ಕೇಳಿದೆ. ಅಷ್ಟು ಕಡಿಮೆ ಜನ ಆಡುವ ಭಾಷೆಗೆ ದುಡ್ಡು, ಶ್ರಮ ಹಾಕಿ ಉಳಿಸಿಕೊಂಡರೆ ಏನು ಉಪಯೋಗ?

ಉತ್ತರ:

ಏಳು ಬಗೆ ಇರುವುದು ನಿಜ. ಅದರಿಂದ ಆ ಪುಸ್ತಕ ತೆಗೆದ ತೀರ್ಮಾನ ಮಾತ್ರ ತಪ್ಪು. ಈ ತಪ್ಪು ತೀರ್ಮಾನ ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ, ಈಗಲೂ ಓಡಾಡುತ್ತಿದೆ. ಹಾಗಾಗಿ ಅದನ್ನೇ ಮೊದಲು ಬಿಡಿಸೋಣ.

ಆ ಪಟ್ಟಿ ಮೂಲದಲ್ಲಿ ಬಂದದ್ದು ಫ್ರಾನ್ಜ್ ಬೋವಾಸ್ ಎಂಬ ಮಾನವಶಾಸ್ತ್ರಜ್ಞರಿಂದ. 19ನೇ ಶತಮಾನದ ಕೊನೆಗೆ ಅವರು ಈ ಭಾಷೆಯ ಬಗ್ಗೆ ಬರೆಯಲು ಶುರು ಮಾಡಿದರು, 1911ರಲ್ಲಿ ಅದರ ವ್ಯಾಕರಣವನ್ನೂ ಪ್ರಕಟಿಸಿದರು. ಏಳು ಬಗೆ ಯಾವುವು? ಸುಮ್ನೆ ಎಣಿಸುವಾಗ ಒಂದು. ಚಪ್ಪಟೆ ವಸ್ತುಗಳಿಗೂ ಪ್ರಾಣಿಗಳಿಗೂ ಒಂದು. ದುಂಡನೆಯ ವಸ್ತುಗಳಿಗೂ ಕಾಲದ ಅಳತೆಗೂ ಒಂದು. ಮನುಷ್ಯರಿಗೆ ಒಂದು. ಮರ, ಕಂಬದಂತಹ ಉದ್ದನೆಯ ವಸ್ತುಗಳಿಗೆ ಒಂದು. ದೋಣಿಗಳಿಗೆ ಒಂದು. ಅಳತೆಗಳಿಗೆ ಒಂದು.

ಪುಸ್ತಕಗಳು ಸಾಮಾನ್ಯವಾಗಿ ಒಂದು, ಎರಡು, ಮೂರು ಎಂಬ ಸಾಲುಗಳನ್ನು ತೋರಿಸಿ 'ನೋಡಿ, ಒಂದಕ್ಕೊಂದು ಸಂಬಂಧವೇ ಇಲ್ಲ' ಎನ್ನುತ್ತವೆ. ಎರಡು ಎನ್ನುವುದಕ್ಕೆ ಸುಮ್ನೆ ಎಣಿಕೆಯಲ್ಲಿ 'ತೆಪ್ಕಾತ್', ದುಂಡನೆಯ ವಸ್ತುವಿಗೆ 'ಗೌಪೆಲ್', ಉದ್ದನೆಯದಕ್ಕೆ 'ಗಾಓಪ್ಸ್ಕನ್'. ಇದನ್ನಷ್ಟೇ ನೋಡಿದರೆ ಬೇರೆ ಬೇರೆ ಪದ ಅನ್ನಿಸುವುದು ಸಹಜ. ಆದರೆ ಅದೇ ಪಟ್ಟಿಯಲ್ಲಿ ಒಂದೆರಡು ಸಾಲು ಕೆಳಗೆ ಇಳಿದು ನಾಲ್ಕರ ಹತ್ತಿರ ಬನ್ನಿ. ಸುಮ್ನೆ ಎಣಿಕೆಗೂ ಚಪ್ಪಟೆ ವಸ್ತುವಿಗೂ ದುಂಡನೆಯದಕ್ಕೂ ಒಂದೇ ಪದ, 'ತ್ಕಲ್ಪ್ಕ್'. ಮನುಷ್ಯರಾದರೆ 'ತ್ಕಲ್ಪ್ಕ್‌ದಾಲ್'. ದೋಣಿಯಾದರೆ 'ತ್ಕಲ್ಪ್ಕ್‌ಸ್ಕ್'. ಅಳತೆಯಾದರೆ 'ತ್ಕಲ್ಪ್ಕಲೋಂಟ್'. ಬೇರು ಒಂದೇ, ಬಾಲ ಮಾತ್ರ ಬದಲು. ಅಂದರೆ ನಾಲ್ಕು ದೋಣಿ, ನಾಲ್ಕು ಜನ ಇವೆರಡರಲ್ಲೂ ಇರುವುದು ಒಂದೇ ನಾಲ್ಕು ಅನ್ನೋದು ಆ ಭಾಷೆ ಆಡುವವರಿಗೆ ಚೆನ್ನಾಗಿ ಗೊತ್ತಿತ್ತು, ಆ ತಿಳಿವಳಿಕೆ ಪದದಲ್ಲೇ ಕೂತಿದೆ.

ಈಗ ಕನ್ನಡ ನೋಡಿ. ಎರಡು ಮರ, ಎರಡು ಹಸು, ಆದರೆ ಇಬ್ಬರು ಹುಡುಗರು. ಮೂರು, ಮೂವರು. ನಾಲ್ಕು, ನಾಲ್ವರು. ಒಂದಕ್ಕಂತೂ ಒಬ್ಬ, ಒಬ್ಬಳು, ಒಬ್ಬರು, ಒಂದು ಎಂದು ನಾಲ್ಕು ರೂಪ ಇಟ್ಟುಕೊಂಡಿದ್ದೇವೆ. 'ಎರಡು ಹುಡುಗರು ಬಂದರು' ಎಂದು ಯಾರಾದರೂ ಹೇಳಿದರೆ ಕಿವಿಗೆ ಚುಚ್ಚುತ್ತದೆ. ಹತ್ತರ ಹೊತ್ತಿಗೆ ಈ ಭೇದ ಕರಗಿ 'ಹತ್ತು ಜನ' ಆಗುತ್ತದೆ. ಇದನ್ನು ನೋಡಿ ಕನ್ನಡಿಗರಿಗೆ ಎರಡು ಎಂಬ ಸಂಖ್ಯೆಯೇ ತಿಳಿಯದು ಎಂದು ಯಾರಾದರೂ ಬರೆದರೆ ನಾವು ಒಪ್ಪುತ್ತೇವಾ? ಕನ್ನಡ ಎಣಿಕೆಯಲ್ಲಿ ಮನುಷ್ಯರನ್ನು ಉಳಿದದ್ದರಿಂದ ಬೇರೆ ಮಾಡುತ್ತದೆ. ಸಿಮ್ಶಿಯನ್ ಅದರ ಜೊತೆಗೆ ಆಕಾರವನ್ನೂ ನೋಡುತ್ತದೆ, ದೋಣಿಗೆ ಪ್ರತ್ಯೇಕ ಜಾಗ ಕೊಡುತ್ತದೆ. ವಸ್ತುವಿನ ಆಕಾರ ನೋಡಿ ಎಣಿಸುವ ಪದ್ಧತಿ ಜಪಾನಿ, ಚೀನೀ ಭಾಷೆಗಳಲ್ಲೂ ಇದೆ. ಆ ದೇಶಗಳಲ್ಲಿ ಗಣಿತಕ್ಕೆ ಏನೂ ಕೊರತೆಯಾಗಿಲ್ಲ. ಇನ್ನೊಂದು ಮಾತು: ಯಾವ ವಸ್ತುವನ್ನೂ ಹೆಸರಿಸದೆ ಬರೀ ಸಂಖ್ಯೆ ಹೇಳಲು ಆ ಭಾಷೆಯಲ್ಲಿ ಒಂದು ಪೂರ್ತಿ ಸಾಲು ಇದೆಯಲ್ಲ, ಅದು ಏಳರಲ್ಲಿ ಮೊದಲನೆಯದೇ. ಪುಸ್ತಕಗಳು ಅದನ್ನು 'ಆಮೇಲೆ ಬಂದದ್ದಿರಬೇಕು' ಎಂದು ಬದಿಗೆ ಸರಿಸಿಬಿಡುತ್ತವೆ, ಅದಕ್ಕೆ ಯಾವ ಆಧಾರವನ್ನೂ ಕೊಡುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ. ಮೊದಲೇ 'ಹಿಂದುಳಿದವರು' ಎಂದು ತೀರ್ಮಾನಿಸಿ ಆಮೇಲೆ ಪುರಾವೆ ಹುಡುಕಿದ ಹಾಗಿದೆ.

ಈಗ, ಇವರು ಯಾರು?

ಕೆನಡಾದ ಪಶ್ಚಿಮ ಕರಾವಳಿಯ ಮೇಲ್ತುದಿ, ಅಂದರೆ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಭಾಗ ಇವರ ನೆಲ. ಸ್ಕೀನಾ ಎಂಬ ದೊಡ್ಡ ನದಿ ಅಲ್ಲಿ ಸಮುದ್ರ ಸೇರುತ್ತದೆ. ಅವರ ಹೆಸರಿನಲ್ಲೇ ಆ ನದಿ ಇದೆ, 'ಸ್ಕೀನಾದ ಒಳಗಿನವರು' ಎಂದು ಅರ್ಥ. ಪ್ರಿನ್ಸ್ ರೂಪರ್ಟ್ ಎಂಬ ಬಂದರು ಪಟ್ಟಣದ ಸುತ್ತಮುತ್ತ ಮತ್ತು ಅದರ ದಕ್ಷಿಣದ ಕರಾವಳಿಯಲ್ಲಿ ಲಾಖ್ ಕ್ವಲಾಮ್ಸ್, ಮೆಟ್ಲಕಾಟ್ಲಾ, ಕಿಟ್‌ಕಾಟ್ಲಾ, ಹಾರ್ಟ್ಲಿ ಬೇ ಮೊದಲಾದ ಊರುಗಳಿವೆ. ನದಿಯ ಮೇಲ್ಭಾಗದಲ್ಲಿ ಕಿಟ್ಸೆಲಾಸ್, ಕಿಟ್ಸಮ್‌ಕೇಲಮ್. ಗಡಿ ದಾಟಿ ಅಮೆರಿಕದ ಅಲಾಸ್ಕಾದಲ್ಲಿ ಇನ್ನೊಂದು ಮೆಟ್ಲಕಾಟ್ಲಾ ಇದೆ, ಅದರ ಕಥೆ ಮುಂದೆ ಹೇಳುತ್ತೇನೆ. ಎಲ್ಲ ಸೇರಿ ಸುಮಾರು 10,000 ಜನ. ಆದ್ದರಿಂದ 'ಈಗಲೂ ಇದ್ದಾರಾ' ಎಂಬ ಪ್ರಶ್ನೆಗೆ ಉತ್ತರ: ಇದ್ದಾರೆ, ತಮ್ಮ ನೆಲದಲ್ಲೇ ಇದ್ದಾರೆ, ಮೀನು ಹಿಡಿಯುತ್ತಾರೆ, ಶಾಲೆ ನಡೆಸುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಪ್ರಿನ್ಸ್ ರೂಪರ್ಟ್ ಬಂದರಿನ ದಡದಲ್ಲಿ ಜನ ತಿಂದು ಎಸೆದ ಚಿಪ್ಪುಗಳ ರಾಶಿಗಳು ಸಿಕ್ಕಿವೆ, ಅವುಗಳಲ್ಲಿ ಕೆಲವು 5,000 ವರ್ಷಕ್ಕೂ ಹಳೆಯವು.

ಮಳೆನಾಡು ಅದು. ಪ್ರಿನ್ಸ್ ರೂಪರ್ಟ್‌ನಲ್ಲಿ ವರ್ಷಕ್ಕೆ 2,500 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ಮಳೆಗೆ ಬೆಳೆಯುವ ಕೆಂಪು ಸೀಡರ್ ಮರವೇ ಅವರ ಬದುಕಿನ ಆಧಾರ. ಮನೆಯ ತೊಲೆ, ಹಲಗೆ, ಪೆಟ್ಟಿಗೆ, ಒಂದೇ ಮರ ಕೊರೆದು ಮಾಡುವ ಉದ್ದ ದೋಣಿ, ಕೆತ್ತಿದ ಎತ್ತರದ ಕಂಬಗಳು, ತೊಗಟೆ ಬಡಿದು ಹೆಣೆದ ಬಟ್ಟೆ, ಎಲ್ಲವೂ ಅದರಿಂದಲೇ. ರಸ್ತೆ ಇಲ್ಲದ ಆ ಕರಾವಳಿಯಲ್ಲಿ ದೋಣಿ ಇಲ್ಲದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ದೋಣಿಗೇ ಬೇರೆ ಎಣಿಕೆ ಇರುವುದು ನನಗಂತೂ ವಿಚಿತ್ರ ಅನ್ನಿಸುವುದಿಲ್ಲ.

ಸಾಲ್ಮನ್ ಮೀನಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಊಲಿಕನ್ ಬಗ್ಗೆ ಹೇಳುತ್ತೇನೆ. ಸುಮಾರು ಗೇಣುದ್ದದ ಮೀನು. ಚಳಿಗಾಲ ಮುಗಿಯುವ ಹೊತ್ತಿಗೆ, ಕೂಡಿಟ್ಟ ಆಹಾರ ಖಾಲಿಯಾಗುತ್ತಿರುವಾಗ, ಸ್ಕೀನಾದ ಉತ್ತರಕ್ಕಿರುವ ನಾಸ್ ನದಿಗೆ ಲೆಕ್ಕವಿಲ್ಲದಷ್ಟು ಬರುತ್ತದೆ. ಮೈಯಲ್ಲಿ ಎಷ್ಟು ಕೊಬ್ಬು ಎಂದರೆ ಒಣಗಿಸಿ ತುದಿಗೆ ಬೆಂಕಿ ಹಚ್ಚಿದರೆ ಬತ್ತಿಯ ಹಾಗೆ ಉರಿಯುತ್ತದೆ. ಇದನ್ನು ಕೆಲವು ದಿನ ಮಾಗಲು ಬಿಟ್ಟು, ಬಿಸಿನೀರಿನಲ್ಲಿ ಮೆಲ್ಲಗೆ ಕಾಯಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆಯುತ್ತಾರೆ. ತಂಪಿಗೆ ಅದು ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಕರಾವಳಿಯವರು ಈ ಎಣ್ಣೆಯನ್ನು ಪೆಟ್ಟಿಗೆಗಳಲ್ಲಿ ತುಂಬಿ ಬೆಟ್ಟದಾಚೆಯ ಜನರಿಗೆ ಮಾರುತ್ತಿದ್ದರು, ಆ ವ್ಯಾಪಾರದ ಕಾಲುದಾರಿಗಳಿಗೆ ಇವತ್ತಿಗೂ ಎಣ್ಣೆದಾರಿ ಎಂಬ ಹೆಸರೇ ಇದೆ. ಸ್ಕೀನಾ ಮೇಲಿನ ವ್ಯಾಪಾರ ಲಿಗೇಖ್ ಎಂಬ ಪಟ್ಟದ ಹೆಸರು ಹೊತ್ತ ಮುಖ್ಯಸ್ಥರ ಹಿಡಿತದಲ್ಲಿತ್ತು. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿ 1830ರ ದಶಕದಲ್ಲಿ ಅಲ್ಲಿ ಕೋಟೆ ಕಟ್ಟಿದಾಗ ಅವರೊಂದಿಗೆ ಸಂಬಂಧ ಬೆಳೆಸಿಕೊಂಡೇ ವ್ಯಾಪಾರ ಮಾಡಬೇಕಾಯಿತು.

ಇವರ ಸಮಾಜ ನಡೆಯುವುದು ತಾಯಿಯ ಕಡೆಯಿಂದ. ನಾಲ್ಕು ದೊಡ್ಡ ಕುಲಗಳಿವೆ: ಗನ್ಹಾದಾ, ಅಂದರೆ ಕಾಗೆ ಜಾತಿಯ ರೇವನ್ ಹಕ್ಕಿ, ಗಿಸ್ಪುದ್ವಾದಾ, ಕೊಲೆಗಾರ ತಿಮಿಂಗಿಲ, ಲಾಖ್ಸ್‌ಗೀಕ್, ಹದ್ದು, ಲಾಖ್‌ಗಿಬೂ, ತೋಳ. ಮಗು ತಾಯಿಯ ಕುಲಕ್ಕೆ ಸೇರುತ್ತದೆ, ಒಂದೇ ಕುಲದೊಳಗೆ ಮದುವೆ ಇಲ್ಲ. ಪಟ್ಟ, ಹೆಸರು, ಹಕ್ಕು ಸೋದರಮಾವನಿಂದ ಅಕ್ಕ-ತಂಗಿಯರ ಮಗನಿಗೆ ಹೋಗುತ್ತದೆ. ತುಳುನಾಡಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಅಳಿಯಕಟ್ಟು ಮತ್ತು 'ಬರಿ' ಎಂಬ ತಾಯಿ ಕಡೆಯ ಕುಲಗಳ ಲೆಕ್ಕ ಗೊತ್ತಿದ್ದರೆ ಅರ್ಧ ಸಿಮ್ಶಿಯನ್ ಸಮಾಜ ಅರ್ಥವಾದಂತೆ. ಆದರೆ ದಯವಿಟ್ಟು ಇದರಿಂದ 'ಅವರು ಇಲ್ಲಿಂದ ಹೋದವರು' ಎಂಬ ಸಂದೇಶ ಮಾಡಿ ಹಂಚಬೇಡಿ. ತಾಯಿ ಕಡೆಯ ವಂಶ ಜಗತ್ತಿನ ಹಲವು ಕಡೆ ತಾನಾಗಿ ಬೆಳೆದಿದೆ. ಇವರಿಗೂ ನಮಗೂ ರಕ್ತ ಸಂಬಂಧವೂ ಇಲ್ಲ, ಭಾಷಾ ಸಂಬಂಧವೂ ಇಲ್ಲ.

ಕುಲದೊಳಗೆ ಮನೆಗಳಿವೆ. ಮನೆ ಎಂದರೆ ಕಟ್ಟಡ ಅಲ್ಲ, ಮನೆತನ. ಪ್ರತಿ ಮನೆಗೂ ತನ್ನದೇ ಅದಾವ್ಖ್ ಇರುತ್ತದೆ. ಇದನ್ನು ಪುರಾಣ, ಜಾನಪದ ಕಥೆ ಎಂದು ಅನುವಾದಿಸಿ ಮುಗಿಸಿಬಿಡುವವರು ಜಾಸ್ತಿ. ಆದರೆ ಅದು ಮನೆತನದ ಇತಿಹಾಸ: ನಮ್ಮ ಹಿರಿಯರು ಎಲ್ಲಿಂದ ಹೊರಟರು, ಯಾವ ಹೊಳೆಯ ದಡಕ್ಕೆ ಬಂದರು, ಯಾರೊಂದಿಗೆ ಯುದ್ಧವಾಯಿತು, ಈ ಲಾಂಛನ ಹೇಗೆ ಸಿಕ್ಕಿತು, ಈ ಮೀನುಗಾರಿಕೆಯ ಜಾಗ ಯಾರದ್ದು, ಎಲ್ಲವೂ ಅದರಲ್ಲಿದೆ. ಯಾರು ಬೇಕಾದರೂ ಅದನ್ನು ಹೇಳುವಂತಿಲ್ಲ. ಅದು ಆ ಮನೆಯ ಸ್ವತ್ತು.

ಹಾಗಾದರೆ ಬರಹ ಇಲ್ಲದ ಕಾಲದಲ್ಲಿ ಅದು ಕೆಡದೆ ಉಳಿದದ್ದು ಹೇಗೆ? ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಇದು. ಒಬ್ಬ ಮುಖ್ಯಸ್ಥ ಸತ್ತಾಗ, ಹೊಸಬ ಆ ಹೆಸರನ್ನು ಹೊರುವಾಗ, ಕಂಬ ನಿಲ್ಲಿಸುವಾಗ ದೊಡ್ಡ ಔತಣ ನಡೆಯುತ್ತದೆ. ಹೊರಗಿನವರು ಇದನ್ನು ಪಾಟ್ಲಾಚ್ ಎನ್ನುತ್ತಾರೆ. ಬೇರೆ ಕುಲದವರನ್ನು ಕರೆಯುತ್ತಾರೆ. ಅವರ ಎದುರು ಅದಾವ್ಖ್ ಹೇಳಿ, ಹಾಡಿ, ಹಕ್ಕುಗಳನ್ನು ಸಾರುತ್ತಾರೆ. ಬಂದವರಿಗೆಲ್ಲ ಉಡುಗೊರೆ ಕೊಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಕಂಡದ್ದು ಬರೀ ಆಸ್ತಿ ಹಂಚಿ ಖಾಲಿ ಮಾಡಿಕೊಳ್ಳುವ ಹುಚ್ಚು. ಒಳಗಿನ ಲೆಕ್ಕ ಬೇರೆ: ಉಡುಗೊರೆ ತೆಗೆದುಕೊಂಡವನು ಸಾಕ್ಷಿಯಾಗುತ್ತಾನೆ. ಕೇಳಿದ್ದನ್ನು ನೆನಪಿಡುವುದು ಅವನ ಹೊಣೆ. ಹೇಳಿದ್ದು ತಪ್ಪಾಗಿದ್ದರೆ ಅಲ್ಲೇ ಎದ್ದು ಹೇಳಬೇಕು, ಸುಮ್ಮನೆ ಕೂತು ಉಡುಗೊರೆ ಪಡೆದರೆ ಒಪ್ಪಿದಂತೆ. ಹೀಗೆ ನೂರಾರು ಜನರ ಎದುರು, ಅದರಲ್ಲೂ ತಮ್ಮ ಕುಲದವರಲ್ಲದ ಜನರ ಎದುರು, ತಲೆಮಾರಿಗೊಮ್ಮೆ ಪರೀಕ್ಷೆಗೆ ಒಳಗಾಗುತ್ತಾ ಬಂದ ಇತಿಹಾಸ ಅದು.

ಕೆನಡಾ ಸರ್ಕಾರ ಇದನ್ನೇ ನಿಷೇಧಿಸಿತು. 1884ರಲ್ಲಿ ಕಾನೂನು ತಿದ್ದಿ, 1885ರಿಂದ ಪಾಟ್ಲಾಚ್ ನಡೆಸುವುದು ಅಪರಾಧ ಎಂದಾಯಿತು. ಅದು ಹೋದದ್ದು 1951ರಲ್ಲಿ. ಅರವತ್ತಾರು ವರ್ಷ! 1927ರಿಂದ 1951ರವರೆಗೆ ನೆಲದ ಹಕ್ಕಿಗಾಗಿ ವಕೀಲರಿಗೆ ಕೊಡಲು ಹಣ ಸಂಗ್ರಹಿಸುವುದಕ್ಕೂ ಅನುಮತಿ ಬೇಕಿತ್ತು. ಒಂದು ಕಡೆ ಹಕ್ಕು ಸಾರುವ ಸಭೆಗೆ ತಡೆ, ಇನ್ನೊಂದು ಕಡೆ ಕೋರ್ಟಿಗೆ ಹೋಗಲೂ ತಡೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಆ ಕಾಲ ಅರ್ಥವಾಗುತ್ತದೆ.

ಕೋರ್ಟು ಕೊನೆಗೂ ಕೇಳಿಸಿಕೊಂಡಿತು, ಆದರೆ ತಡವಾಗಿ. ಸಿಮ್ಶಿಯನ್ನರ ಭಾಷಾ ಬಂಧುಗಳಾದ ಗಿಟ್ಕ್ಸನ್ ಜನ, ನೆರೆಯ ವೆಟ್‌ಸುವೆಟನ್ ಜನರ ಜೊತೆ ಸೇರಿ ತಮ್ಮ ನೆಲದ ಹಕ್ಕಿಗಾಗಿ ಹೂಡಿದ ಮೊಕದ್ದಮೆ ಡೆಲ್ಗಮೂಕ್ ಎಂದು ಪ್ರಸಿದ್ಧ. ವಿಚಾರಣೆ 374 ದಿನ ನಡೆಯಿತು. ಹಿರಿಯರು ಸಾಕ್ಷಿ ಕಟ್ಟೆಯಲ್ಲಿ ನಿಂತು ತಮ್ಮ ಮನೆತನದ ಇತಿಹಾಸ ಹೇಳಿದರು. ಒಬ್ಬ ಹಿರಿಯರು ಹಾಡಬೇಕಾದ ಭಾಗ ಬಂದಾಗ ನ್ಯಾಯಾಧೀಶರು ತಡೆದು ತಮಗೆ ಹಾಡು ಕೇಳುವ ಕಿವಿ ಇಲ್ಲ ಎಂದದ್ದು ದಾಖಲೆಯಲ್ಲಿದೆ. 1991ರ ತೀರ್ಪು ಅವರ ವಿರುದ್ಧ ಬಂತು. ಆದರೆ 1997ರ ಡಿಸೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಬಾಯಿಮಾತಿನ ಇತಿಹಾಸವನ್ನೂ ಬರಹದ ದಾಖಲೆಗೆ ಸಮನಾಗಿ ತೂಗಬೇಕು ಎಂದಿತು. ಅಂದು ಯಾರಿಗೂ ನೆಲ ಸಿಗಲಿಲ್ಲ, ಮತ್ತೆ ವಿಚಾರಣೆ ನಡೆಯಲಿ ಎಂದಷ್ಟೇ ಹೇಳಿತು. ಆದರೆ ಆ ಒಂದು ಮಾತು ಆಮೇಲಿನ ಮೊಕದ್ದಮೆಗಳ ದಿಕ್ಕನ್ನೇ ಬದಲಿಸಿತು.

ವಿಜ್ಞಾನದ ಕಡೆಯಿಂದಲೂ ಒಂದು ಬಲ ಬಂದಿದೆ. ಉತ್ತರದಿಂದ ಟ್ಲಿಂಗಿಟ್ ಜನ ದಾಳಿ ಮಾಡಿದರು, ಕರಾವಳಿಯ ಊರುಗಳನ್ನು ಬಿಟ್ಟು ಒಳನಾಡಿಗೆ ಹೋಗಬೇಕಾಯಿತು, ಆಮೇಲೆ ಗೆದ್ದು ಮರಳಿದೆವು ಎಂದು ಹಲವು ಅದಾವ್ಖ್‌ಗಳು ಹೇಳುತ್ತವೆ. ಪ್ರಿನ್ಸ್ ರೂಪರ್ಟ್ ಸುತ್ತಲಿನ ಹಳೇ ಊರುಗಳಿಂದ ತೆಗೆದ ನೂರಾರು ಮಾದರಿಗಳ ಕಾಲವನ್ನು ರೇಡಿಯೋಕಾರ್ಬನ್ ವಿಧಾನದಿಂದ ಅಳೆದು, 2017ರಲ್ಲಿ ಸಂಶೋಧಕರು ಫಲಿತಾಂಶ ಪ್ರಕಟಿಸಿದರು. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿ ಜನವಸತಿ ಇಳಿದದ್ದು ಕಾಣಿಸಿತು, ಅದಾವ್ಖ್ ಹೇಳಿದ್ದಕ್ಕೆ ಹೊಂದಿತು.

ಇನ್ನು ಮಿಷನರಿಗಳ ಕಾಲ. 1857ರಲ್ಲಿ ವಿಲಿಯಂ ಡಂಕನ್ ಎಂಬ ಇಂಗ್ಲಿಷ್ ಯುವಕ ಅಲ್ಲಿಗೆ ಬಂದ. ಮೊದಲು ತಿಂಗಳುಗಟ್ಟಲೆ ಭಾಷೆ ಕಲಿತ. ಕಲಿಸಿದವರು ಆರ್ಥರ್ ವೆಲಿಂಗ್ಟನ್ ಕ್ಲಾ ಎಂಬ ಸಿಮ್ಶಿಯನ್. 1858ರಲ್ಲಿ ಡಂಕನ್ ಅದೇ ಭಾಷೆಯಲ್ಲಿ ಉಪದೇಶ ಮಾಡಿದ. 1862ರಲ್ಲಿ ಸುಮಾರು 50 ಅನುಯಾಯಿಗಳನ್ನು ಕರೆದುಕೊಂಡು ಮೆಟ್ಲಕಾಟ್ಲಾದಲ್ಲಿ ಹೊಸ ಊರು ಕಟ್ಟಿದ. ಅದೇ ವರ್ಷ ದಕ್ಷಿಣದ ವಿಕ್ಟೋರಿಯಾ ಪಟ್ಟಣದಿಂದ ಹರಡಿದ ಸಿಡುಬು ಇಡೀ ಕರಾವಳಿಯನ್ನು ಬಡಿಯಿತು. ಹೊಸ ಊರಿನವರು ಬಹುತೇಕ ಉಳಿದುಕೊಂಡರು, ಇದರಿಂದ ಇನ್ನೂ ಜನ ಅಲ್ಲಿಗೆ ಬಂದರು. ಊರಿನ ನಿಯಮ ಕಟ್ಟುನಿಟ್ಟು: ಪಾಟ್ಲಾಚ್ ಇಲ್ಲ, ಹಳೇ ಆಚರಣೆ ಇಲ್ಲ, ಮದ್ಯ ಇಲ್ಲ. ಬಿಟ್ಟುಕೊಟ್ಟ ಕೆತ್ತನೆ, ಮುಖವಾಡಗಳು ಡಂಕನ್ ಮೂಲಕ 1863ರಲ್ಲಿ ರಾಬರ್ಟ್ ಡಂಡಸ್ ಎಂಬ ಪಾದ್ರಿಯ ಕೈಗೆ ಹೋದವು. 2006ರಲ್ಲಿ ನ್ಯೂಯಾರ್ಕಿನಲ್ಲಿ ಅವು ಹರಾಜಾದಾಗ ಬಂದ ಬೆಲೆ ಸುಮಾರು 70 ಲಕ್ಷ ಡಾಲರ್.

ಮುಂದೆ ಡಂಕನ್‌ಗೂ ಚರ್ಚಿನ ಮೇಲಿನವರಿಗೂ ಜಗಳವಾಯಿತು, ನೆಲ ಯಾರದ್ದು ಎಂಬ ಬಗ್ಗೆ ಸರ್ಕಾರದೊಂದಿಗೂ ತಕರಾರು ಬೆಳೆಯಿತು. 1887ರಲ್ಲಿ 800ಕ್ಕೂ ಹೆಚ್ಚು ಸಿಮ್ಶಿಯನ್ನರು ಅವನೊಂದಿಗೆ ಅಲಾಸ್ಕಾದ ಆ್ಯನೆಟ್ ದ್ವೀಪಕ್ಕೆ ಹೋಗಿ ನೆಲೆಸಿದರು. ಇನ್ನೊಂದು ಮೆಟ್ಲಕಾಟ್ಲಾ ಎಂದೆನಲ್ಲ, ಅದೇ ಇದು. 1891ರಲ್ಲಿ ಅಮೆರಿಕದ ಕಾಂಗ್ರೆಸ್ ಆ ದ್ವೀಪವನ್ನು ಅವರಿಗೆ ಮೀಸಲಿಟ್ಟಿತು. ಇಂದು ಇಡೀ ಅಲಾಸ್ಕಾದಲ್ಲಿ ಉಳಿದಿರುವ ಮೂಲನಿವಾಸಿಗಳ ಮೀಸಲು ಪ್ರದೇಶ ಅದೊಂದೇ.

ಡಂಕನ್‌ಗಿಂತ ಭಾಷೆ ಕಲಿಸಿದ ಕ್ಲಾ ಅವರೇ ನನಗೆ ದೊಡ್ಡವರಾಗಿ ಕಾಣುತ್ತಾರೆ. ಡಂಕನ್ ಅವರಿಂದ ಸಿಮ್ಶಿಯನ್ ಕಲಿತರೆ ಅವರು ಡಂಕನ್‌ನಿಂದ ಇಂಗ್ಲಿಷ್ ಬರೆಯಲು ಕಲಿತರು, ಸುಮಾರು 50 ವರ್ಷ ದಿನಚರಿ ಬರೆದರು. ಮೀನು, ವ್ಯಾಪಾರ, ಸಾವು, ಔತಣ, ನೆಲದ ಜಗಳ, ಎಲ್ಲವನ್ನೂ ಒಬ್ಬ ಸಿಮ್ಶಿಯನ್ ತನ್ನ ಕಣ್ಣಿನಿಂದ ನೋಡಿ ಬರೆದದ್ದು. ಅದು ಈಗ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿದೆ.

ಭಾಷೆಗೆ ದೊಡ್ಡ ಪೆಟ್ಟು ಕೊಟ್ಟದ್ದು ವಸತಿ ಶಾಲೆಗಳು. ಮಕ್ಕಳನ್ನು ಮನೆಯಿಂದ ದೂರ ಒಯ್ದು, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟ ಶಾಲೆಗಳು ಅವು. 2008ರಲ್ಲಿ ಕೆನಡಾ ಸರ್ಕಾರ ಇದಕ್ಕಾಗಿ ಅಧಿಕೃತವಾಗಿ ಕ್ಷಮೆ ಕೇಳಿತು. ಅಲ್ಲಿ ಓದಿ ಬಂದ ತಂದೆ ತಾಯಂದಿರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳಿಗೆ ಆ ಏಟು ಬೀಳದಿರಲಿ ಎಂದು ಮನೆಯಲ್ಲೂ ಇಂಗ್ಲಿಷನ್ನೇ ಆಡಿದರು. 'ಅವರ ಭಾಷೆ ಅವರೇ ಬಿಟ್ಟರು' ಎನ್ನುವವರು ಈ ಭಾಗವನ್ನು ಓದಿರುವುದಿಲ್ಲ.

ಆ ಕೆಟ್ಟ ಕಾಲದಲ್ಲೇ ಒಬ್ಬರು ಬರೆದುಕೊಳ್ಳುತ್ತಾ ಕೂತರು: ವಿಲಿಯಂ ಬೈನನ್, ಹುಟ್ಟಿದ್ದು 1888ರಲ್ಲಿ. ತಂದೆ ವೇಲ್ಸ್ ಮೂಲದ ಹಡಗಿನ ಕ್ಯಾಪ್ಟನ್, ತಾಯಿ ಮುಖ್ಯಸ್ಥರ ಮನೆತನದವರು. ಸೋದರಮಾವನ ಪಟ್ಟದ ಹೆಸರು ಅವರಿಗೆ ಬಂತು, ಹಾಗಾಗಿ ಲಾಖ್ ಕ್ವಲಾಮ್ಸ್‌ಗೆ, ಆಗಿನ ಪೋರ್ಟ್ ಸಿಂಪ್ಸನ್‌ಗೆ, ಬಂದು ನೆಲೆಸಿದರು. 1915ರ ಸುಮಾರಿಗೆ ಮಾರಿಯಸ್ ಬಾರ್ಬೋ ಎಂಬ ಸಂಶೋಧಕರಿಗೆ ದುಭಾಷಿಯಾಗಿ ಶುರು ಮಾಡಿದವರು, ಕೊನೆಗೆ ತಾವೇ ಸಂಶೋಧಕರಾದರು. 1958ರಲ್ಲಿ ತೀರಿಕೊಳ್ಳುವವರೆಗೆ ಹಿರಿಯರ ಬಾಯಿಂದ ಅದಾವ್ಖ್‌ಗಳನ್ನು ಕೇಳಿ, ಮೂಲ ಭಾಷೆಯಲ್ಲಿ ಬರೆದು, ಸಾಲಿನ ಕೆಳಗೆ ಇಂಗ್ಲಿಷ್ ಅರ್ಥ ಹಾಕಿದರು. 1930ರ ದಶಕದಲ್ಲಿ ಬೋವಾಸ್‌ಗೆ ಸುಮಾರು 250 ಕಥನಗಳನ್ನು ಕಳಿಸಿಕೊಟ್ಟರು. ಅದಕ್ಕೂ ಮೊದಲು ಹೆನ್ರಿ ಟೇಟ್ ಎಂಬ ಇನ್ನೊಬ್ಬ ಸಿಮ್ಶಿಯನ್ ಬರೆದು ಕಳಿಸಿದ ಕಥೆಗಳಿಂದಲೇ ಬೋವಾಸ್ ತಮ್ಮ 1916ರ ದೊಡ್ಡ ಸಂಪುಟ ಕಟ್ಟಿದ್ದರು. ಪುಸ್ತಕದ ಮೇಲೆ ದೊಡ್ಡದಾಗಿ ಬೋವಾಸ್ ಹೆಸರು. ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಟೇಟ್ ಅವರದ್ದು.

ಭಾಷೆಯ ಬಗ್ಗೆ ಸ್ವಲ್ಪ. ಅದರ ಹೆಸರು ಸ್ಮಾಲ್ಗ್ಯಖ್. ಗಿಟ್ಕ್ಸನ್, ನಿಸ್ಗಾ ಭಾಷೆಗಳು ಅದರ ಹತ್ತಿರದ ಬಂಧುಗಳು. ನಾಲ್ಕನೆಯದೊಂದಿತ್ತು, ದಕ್ಷಿಣ ಸಿಮ್ಶಿಯನ್. ಅದನ್ನು ಚೆನ್ನಾಗಿ ಆಡುತ್ತಿದ್ದ ಕೊನೆಯ ಅಜ್ಜಿ ಕ್ಲೆಮ್‌ಟು ಊರಿನಲ್ಲಿ 2013ರಲ್ಲಿ ತೀರಿಕೊಂಡರು. ಈ ಕುಟುಂಬದಾಚೆಗೆ ಬೇರೆ ಭಾಷೆಗಳೊಂದಿಗೆ ಏನಾದರೂ ನಂಟಿದೆಯೇ ಎಂಬ ಚರ್ಚೆ ಭಾಷಾಶಾಸ್ತ್ರಜ್ಞ ಎಡ್ವರ್ಡ್ ಸಪೀರ್ ಕಾಲದಿಂದಲೂ ನಡೆದಿದೆ, ಸಾಬೀತಾಗಿಲ್ಲ.

ವಾಕ್ಯದ ವಿಷಯದಲ್ಲಿ ಅದು ಕನ್ನಡಕ್ಕೆ ಪೂರ್ತಿ ಉಲ್ಟಾ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಅಲ್ಲಿ ಮೊದಲಿಗೆ. 'ನೋಡಿದ' ಎಂದು ಶುರು ಮಾಡಿ ಆಮೇಲೆ ಯಾರು, ಯಾರನ್ನು ಎಂದು ಹೇಳಬೇಕು. ಮುಂದೆ ಬರುವುದು ಒಬ್ಬ ವ್ಯಕ್ತಿಯ ಹೆಸರೋ ಅಥವಾ ಮರ, ಮೀನಿನಂತಹ ಸಾಮಾನ್ಯ ನಾಮಪದವೋ ಎಂಬುದನ್ನು ಅದರ ಹಿಂದಿನ ಪದಕ್ಕೆ ಅಂಟುವ ಪುಟ್ಟ ಪ್ರತ್ಯಯವೇ ತಿಳಿಸುತ್ತದೆ. ಬಹುವಚನಕ್ಕೆ ಹಲವು ಕಡೆ ಪದದ ಮೊದಲ ಭಾಗವನ್ನು ಮತ್ತೊಮ್ಮೆ ಹೇಳುತ್ತಾರೆ: 'ಹಾಸ್' ಎಂದರೆ ನಾಯಿ, 'ಹಸ್‌ಹಾಸ್' ಎಂದರೆ ನಾಯಿಗಳು. ಕೆಲವು ಕ್ರಿಯಾಪದಗಳಂತೂ ಪೂರ್ತಿ ಬದಲಾಗುತ್ತವೆ. ಒಬ್ಬರು ಕೂತರೆ 'ತಾ', ಹಲವರು ಕೂತರೆ 'ವನ್'.

ಧ್ವನಿಗಳು ನಮಗೆ ಕಷ್ಟ. ಗಂಟಲನ್ನು ಒಂದು ಕ್ಷಣ ಮುಚ್ಚಿ ಪಟ್ ಎಂದು ಬಿಡುವ ತ, ಕ, ಪಗಳಿವೆ. ಕಿರುನಾಲಿಗೆಯ ಹತ್ತಿರ ಹುಟ್ಟುವ ಕ ಒಂದಿದೆ, ನಮ್ಮ ಕಗಿಂತ ಇನ್ನೂ ಹಿಂದೆ. ನಾಲಿಗೆಯನ್ನು ಲ ಹೇಳುವಂತೆ ಇಟ್ಟು ಬರೀ ಗಾಳಿ ಊದಿದರೆ ಬರುವ ಧ್ವನಿಯೂ ಇದೆ. ನಾನಿಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಪದಗಳು ಇವನ್ನೆಲ್ಲ ಪೂರ್ತಿ ತೋರಿಸಲಾರವು, ಆದಷ್ಟು ಹತ್ತಿರಕ್ಕೆ ತಂದಿದ್ದೇನೆ ಅಷ್ಟೇ.

ಕೊನೆಯ ಪ್ರಶ್ನೆ: ಉಳಿಸಿ ಏನು ಉಪಯೋಗ? ಮೇಲೆ ಹೇಳಿದ್ದರಲ್ಲೇ ನನ್ನ ಉತ್ತರ ಇದೆ. ಈ ಜನರಿಗೆ ಭಾಷೆ ಎಂದರೆ ಮಾತುಕತೆಗೆ ಬೇಕಾದದ್ದು ಮಾತ್ರ ಅಲ್ಲ. ನೆಲದ ಹಕ್ಕು, ಮನೆತನದ ಹೆಸರು, ಯಾರು ಯಾರಿಗೆ ಏನಾಗಬೇಕು ಎಂಬ ಕಟ್ಟಳೆ ಇವೆಲ್ಲ ಇರುವುದು ಆ ಭಾಷೆಯ ಅದಾವ್ಖ್‌ಗಳಲ್ಲಿ. ಒಂದು ಹೊಳೆಯ ತಿರುವಿಗೆ, ಒಂದು ಬಂಡೆಗೆ ಇಟ್ಟ ಹೆಸರೇ ಅಲ್ಲಿ ಯಾರು ಮೀನು ಹಿಡಿಯುತ್ತಿದ್ದರು ಎಂದು ಹೇಳುತ್ತದೆ. ಬೈನನ್ ಅವರ ಟಿಪ್ಪಣಿಯನ್ನು ಮೂಲದಲ್ಲಿ ಓದಬಲ್ಲ ಮೊಮ್ಮಕ್ಕಳು ಇಲ್ಲದೆ ಹೋದರೆ, ಆ ಮನೆಗಳು ತಮ್ಮ ಇತಿಹಾಸಕ್ಕಾಗಿ ಹೊರಗಿನವರ ಅನುವಾದವನ್ನೇ ನಂಬಬೇಕಾಗುತ್ತದೆ. ಮತ್ತು ಆ ಹೊರಗಿನವರು ಎಣಿಕೆಯ ಪಟ್ಟಿಯನ್ನು ಹೇಗೆ ಓದಿದರು ಎಂದು ಈಗಷ್ಟೇ ನೋಡಿದೆವಲ್ಲ.

ನೆಲದ ಮಾತು ಹಳೇ ಕಾಲದ್ದು ಎಂದುಕೊಳ್ಳಬೇಡಿ. ಈಚೆಗೆ ಸ್ಕೀನಾ ನದಿಯ ಬಾಯಲ್ಲಿ, ಲೆಲು ದ್ವೀಪದ ಮೇಲೆ, ಅನಿಲ ರಫ್ತಿನ ದೊಡ್ಡ ಸ್ಥಾವರ ಕಟ್ಟಲು ಮಲೇಷ್ಯಾದ ಪೆಟ್ರೊನಾಸ್ ಕಂಪನಿಯ ನೇತೃತ್ವದ ಯೋಜನೆ ಬಂದಿತ್ತು. ಪಕ್ಕದಲ್ಲೇ ಸಾಲ್ಮನ್ ಮರಿಗಳು ಸಮುದ್ರಕ್ಕೆ ಹೋಗುವ ಮುನ್ನ ಬೆಳೆಯುವ ಹುಲ್ಲಿನ ಜಾಗ. ಒಪ್ಪಿದರೆ 40 ವರ್ಷಗಳಲ್ಲಿ 100 ಕೋಟಿ ಕೆನಡಾ ಡಾಲರಿಗೂ ಜಾಸ್ತಿ ಕೊಡುತ್ತೇವೆ ಎಂದರು. 2015ರಲ್ಲಿ ಲಾಖ್ ಕ್ವಲಾಮ್ಸ್ ಜನ ಸಭೆ ಸೇರಿ ಬೇಡ ಎಂದರು. ಆಮೇಲೆ ಊರಿನೊಳಗೆ ಭಿನ್ನಾಭಿಪ್ರಾಯ ಬಂತು, ಮಾತುಕತೆ ಮುಂದುವರಿಯಿತು. ಕೊನೆಗೆ 2017ರಲ್ಲಿ ಮಾರುಕಟ್ಟೆಯ ಕಾರಣ ಹೇಳಿ ಕಂಪನಿಯೇ ಯೋಜನೆ ಕೈಬಿಟ್ಟಿತು. ಇಂತಹ ಸಭೆಯಲ್ಲಿ ಆ ಜಾಗ ಯಾವ ಮನೆಗೆ ಸೇರಿದ್ದು, ಮಾತಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹುಡುಕಲು ಮತ್ತೆ ಅದಾವ್ಖ್‌ಗೇ ಹೋಗಬೇಕು.

ಇಂದು ಸ್ಮಾಲ್ಗ್ಯಖ್ ಅನ್ನು ತೊಡಕಿಲ್ಲದೆ ಆಡಬಲ್ಲವರು ಹೆಚ್ಚಾಗಿ ಅಜ್ಜ ಅಜ್ಜಿಯರೇ. ಆದರೆ ಕಲಿಯುವವರು ಇದ್ದಾರೆ. ಪ್ರಿನ್ಸ್ ರೂಪರ್ಟ್ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಅದನ್ನು ಕಲಿಸುತ್ತಾರೆ. ನಾರ್ದರ್ನ್ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದರ ಪಾಠಗಳು ನಡೆದಿವೆ. 2014ರಲ್ಲಿ ಅಲಾಸ್ಕಾ ತನ್ನ 20 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಾಗ ಇದೂ ಆ ಪಟ್ಟಿಯಲ್ಲಿತ್ತು. ನಿಮಗೆ ಕೇಳುವ ಆಸೆ ಇದ್ದರೆ ಅಂತರ್ಜಾಲದಲ್ಲಿ ಸ್ಮಾಲ್ಗ್ಯಖ್ ಮಾತಾಡುವ ನಿಘಂಟು ಇದೆ. ಪದ ಒತ್ತಿದರೆ ಹಿರಿಯರ ದನಿಯಲ್ಲೇ ಕೇಳಿಸುತ್ತದೆ, ಎಷ್ಟೋ ಪದಗಳಿಗೆ ಪೂರ್ತಿ ವಾಕ್ಯಗಳೂ ಇವೆ. ಎಣಿಕೆಯ ಪದಗಳಿಂದಲೇ ಶುರು ಮಾಡಿ. ಬೋವಾಸ್ ಕಾಲದ ಬರಹಕ್ಕೂ ಇಂದಿನದಕ್ಕೂ ಕಾಗುಣಿತ ಬೇರೆ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ, ಕಿವಿಯಿಂದ ಕೇಳಿದರೆ ಗುರುತು ಸಿಗುತ್ತದೆ.